ಓರಗೆಯವರ ಪಾಠಶಾಲೆ



ಹದಿಹರೆಯದ ಮಕ್ಕಳು ತಮ್ಮ ಶರೀರದ ವಿಚಾರವನ್ನು, ಮನಸ್ಸಿನ ತಳಮಳವನ್ನು ಮೊಟ್ಟಮೊದಲು ಯಾರಲ್ಲಿ ಹೇಳಿಕೊಳ್ಳುತ್ತಾರೆ? ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನನಗೆ ಈ ಪ್ರಶ್ನೆಯ ಉತ್ತರದಲ್ಲಿ ಸಂಶಯವೇ ಇಲ್ಲ. ಓರಗೆಯವರಲ್ಲಿ. ತಾಯಿತಂದೆಯರಿಗೆ ತಿಳಿಯುವುದು ಆಮೇಲೆ, ಮೇಷ್ಟ್ರಿಗೆ ತಿಳಿಯುವುದು ಎಲ್ಲರಿಗಿಂತ ಕೊನೆಗೆ, ಅದೂ ತಿಳಿದರೆ! ಬಾವಿಕಟ್ಟೆ, ಬಸ್ಸಿನ ಹಿಂದಿನ ಸೀಟು, ಆಟದ ಮೈದಾನದ ಮೂಲೆಯ ಬೇವಿನಮರ, ಈಗಿನ ಕಾಲಕ್ಕೆ ಅಂಗೈಯೊಳಗಿನ ಮೊಬೈಲು... ಈ ಪಾಠಶಾಲೆಗೆ ಹಾಜರಿ ಪುಸ್ತಕವಿಲ್ಲ, ಗೈರುಹಾಜರಾದವರೂ ಇಲ್ಲ. ನಾವು ಒಪ್ಪಲಿ ಬಿಡಲಿ, ಅದು ನಡೆದೇ ನಡೆಯುತ್ತದೆ. ಅಲ್ಲಿ ಪಾಠ ಹೇಳುವ ಹುಡುಗನಿಗೆ ಅಥವಾ ಹುಡುಗಿಗೆ ವಿಷಯ ಸರಿಯಾಗಿ ತಿಳಿದಿದೆಯೇ ಇಲ್ಲವೇ ಎಂಬುದಷ್ಟೇ ನಮ್ಮ ಕೈಯಲ್ಲಿರುವ ಸಂಗತಿ.

ಆದ್ದರಿಂದಲೇ, ತರುಣರೇ ತಮ್ಮ ಓರಗೆಯವರಿಗೆ ಆರೋಗ್ಯದ ತಿಳಿವಳಿಕೆ ಕೊಡುವ, ಕಷ್ಟದಲ್ಲಿರುವ ಗೆಳೆಯನಿಗೆ ಜೊತೆಯಾಗಿ ನಿಲ್ಲುವ ಪದ್ಧತಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದನ್ನು ನಮ್ಮಲ್ಲಿ ನಡೆಸುತ್ತಿರುವ ರೀತಿಯ ಬಗೆಗೆ ನನಗೆ ಬಲವಾದ ಆಕ್ಷೇಪಣೆಗಳಿವೆ. ಎರಡನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಇದು ಪರದೇಶದಿಂದ ಬಂದ ಹೊಸ ವಿದ್ಯೆ ಎಂದು ಕೆಲವರು ಮೂಗು ಮುರಿಯುವುದುಂಟು. ಅವರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ. 1822ರಲ್ಲಿ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ತನ್ನ ಪ್ರಾಂತದ ದೇಶೀಯ ಶಾಲೆಗಳ ಲೆಕ್ಕ ಕೊಡುವಂತೆ ಎಲ್ಲ ಜಿಲ್ಲೆಗಳ ಕಲೆಕ್ಟರುಗಳನ್ನು ಕೇಳಿದನು. ನಮ್ಮ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯಲ್ಲಿ, ಜಿಲ್ಲೆಯಲ್ಲಿ 533 ಶಾಲೆಗಳಿವೆಯೆಂದೂ ಅವುಗಳಲ್ಲಿ 6,641 ಮಕ್ಕಳು ಓದುತ್ತಿದ್ದಾರೆಂದೂ ಬರೆದನು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವ ಮಿತವ್ಯಯವನ್ನೂ, ಮುಂದುವರಿದ ಮಕ್ಕಳು ಹಿಂದಿರುವ ಮಕ್ಕಳಿಗೆ ಹೇಳಿಕೊಡುವ ಕ್ರಮವನ್ನೂ ಆತ ಬಹುವಾಗಿ ಮೆಚ್ಚಿಕೊಂಡನು; ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಯಿತೆಂದು ಒಪ್ಪಿಕೊಂಡನು. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವರದಿ ಇದೆ. ಇಂಗ್ಲೆಂಡು ಅನುಕರಿಸಿದ ಕಥೆಯೂ ಸ್ವಾರಸ್ಯವಾದದ್ದೇ. ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥಾಲಯದ ಮೇಲ್ವಿಚಾರಕನಾಗಿ 1789ರಲ್ಲಿ ಬಂದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಊರ ಮಕ್ಕಳು ಮರಳಿನಲ್ಲಿ ಅಕ್ಷರ ಬರೆಯುತ್ತಿದ್ದುದನ್ನು ಕಂಡು ತನ್ನ ಶಾಲೆಯಲ್ಲೂ ಆ ಪದ್ಧತಿಯನ್ನು ತರಲು ಹೊರಟನು. ಉಪಾಧ್ಯಾಯರು ಒಪ್ಪದಿದ್ದಾಗ ಎಂಟು ವರ್ಷದ ಹುಡುಗನೊಬ್ಬನನ್ನೇ ಚಿಕ್ಕ ಮಕ್ಕಳ ತರಗತಿಗೆ ಗುರುವಾಗಿ ನೇಮಿಸಿದನು. ಹುಡುಗ ಗೆದ್ದನು! ಆ ಕ್ರಮವೇ 'ಮದರಾಸು ಪದ್ಧತಿ' ಎಂಬ ಹೆಸರಿನಲ್ಲಿ ಹಡಗು ಹತ್ತಿತು. (ಉಪಾಧ್ಯಾಯರು ಒಪ್ಪದ ಭಾಗವನ್ನು ಓದಿದಾಗ ನನಗೆ ನಗು ಬಂದಿತು. ಸ್ಟಾಫ್ ರೂಮುಗಳು ಎಲ್ಲ ಕಾಲದಲ್ಲೂ ಒಂದೇ.)

ಅಂಥ ಪರಂಪರೆಯ ಕುರುಹಾಗಿ ನಮ್ಮ ಶಾಲೆಗಳಲ್ಲಿ ಉಳಿದುಕೊಂಡಿದ್ದು ಯಾವುದು? ಕ್ಲಾಸ್ ಮಾನಿಟರ್. ಮಾತಾಡಿದವರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದು ಅವರಿಗೆ ಪೆಟ್ಟು ಬೀಳಿಸುವುದೇ ಅವನ ಕಾಯಕ. ಗುರುವಾಗಬೇಕಾದವನನ್ನು ಚಾಡಿಕೋರನನ್ನಾಗಿ ಮಾಡಿಕೊಂಡೆವು. ಇಂದು 'ಆರೋಗ್ಯ ದೂತ'ರೆಂದು ಮಕ್ಕಳನ್ನು ಆರಿಸುವಾಗಲೂ ಈ ಮಾನಿಟರನ ನೆರಳು ಅವರ ಮೇಲೆ ಬೀಳದಂತೆ ನೋಡಿಕೊಳ್ಳಬೇಕು.

ಆರೋಗ್ಯದ ವಿಚಾರಕ್ಕೆ ಮಕ್ಕಳನ್ನೇ ಮುಂದೆ ಮಾಡುವ ಆಲೋಚನೆಗೆ ಒಂದು ಸ್ಪಷ್ಟ ರೂಪ ಸಿಕ್ಕಿದ್ದು 1978ರಲ್ಲಿ. ಮರುವರ್ಷ ಅಂತಾರಾಷ್ಟ್ರೀಯ ಮಕ್ಕಳ ವರ್ಷವಿತ್ತು. ಲಂಡನ್ನಿನ ಮಕ್ಕಳ ವೈದ್ಯ ಡೇವಿಡ್ ಮಾರ್ಲಿ ಮತ್ತು ಶಿಕ್ಷಣತಜ್ಞ ಹ್ಯೂ ಹಾಸ್ ಜೊತೆಗೂಡಿ 'ಮಗುವಿನಿಂದ ಮಗುವಿಗೆ' ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಬಡ ದೇಶಗಳಲ್ಲಿ ತಾಯಿ ಕೂಲಿಗೆ ಹೋದಾಗ ಕಂಕುಳಲ್ಲಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡಿರುವವಳು ಹತ್ತು ವರ್ಷದ ಅಕ್ಕ. ವೈದ್ಯರು ಮಾತನಾಡಬೇಕಾದದ್ದು ಅವಳೊಂದಿಗೆ ತಾನೇ? ಎಷ್ಟು ಸರಳವಾದ ಯೋಚನೆ! ನಮ್ಮ ಕಡೆಯ ಯಾವ ಹಳ್ಳಿಗೆ ಹೋದರೂ ಈ ಅಕ್ಕನನ್ನು ನೀವು ಕಂಡಿರುತ್ತೀರಿ. ನಿಮ್ಮಲ್ಲಿ ಕೆಲವರು ಸ್ವತಃ ಆ ಅಕ್ಕಂದಿರೇ ಆಗಿದ್ದಿರಿ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೇಸಿಗೆ ಬಂತೆಂದರೆ ವಾಂತಿಭೇದಿಯ ಭಯ. ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂದು ಎಂಟನೆಯ ತರಗತಿಯವರಿಗೆ ಕಲಸಿ ತೋರಿಸುತ್ತಿದ್ದೆ. ರುಚಿ ನೋಡಬೇಕು, ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು. ಒಬ್ಬ ಹುಡುಗಿ ಮನೆಗೆ ಹೋಗಿ, ಭೇದಿಯಾದ ಮಗುವಿಗೆ ನೀರು ಕೊಡಲೇಬಾರದೆಂದು ಪಟ್ಟುಹಿಡಿದಿದ್ದ ಅಜ್ಜಿಯ ಎದುರಿನಲ್ಲೇ ಕುಳಿತು, ಚಮಚ ಚಮಚವಾಗಿ ತಮ್ಮನಿಗೆ ಕುಡಿಸಿದ್ದಳು. ಆ ಅಜ್ಜಿಗೆ ನಾನು ಹೋಗಿ ಹೇಳಿದ್ದರೆ ಕಾಫಿ ಕೊಟ್ಟು, 'ಆಗಲಿ ಸ್ವಾಮಿ' ಎಂದು ಕಳುಹಿಸಿ, ಮಾಡುವುದನ್ನೇ ಮಾಡುತ್ತಿದ್ದರು. ಆ ಹುಡುಗಿ ಇಂದು ಮೊಮ್ಮಕ್ಕಳನ್ನು ಕಂಡಿದ್ದಾಳೆ. ಇದನ್ನು ಓದಿದರೆ ತನ್ನ ಕಥೆಯೆಂದು ಅವಳಿಗೆ ತಿಳಿಯುತ್ತದೆ.

ಭೇದಿಗೆ ಉಪ್ಪು-ಸಕ್ಕರೆ ನೀರು ಹೇಳಿಕೊಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ತಕರಾರು ಹುಟ್ಟುವುದು ಹದಿಹರೆಯದ ಶರೀರದ ಮಾತು ಬಂದಾಗ. 2005ರಲ್ಲಿ ಕೇಂದ್ರ ಸರ್ಕಾರ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಗಳಿಗೆ ತಂದಾಗ ಆದ ಗದ್ದಲ ನಿಮಗೆ ನೆನಪಿರಬಹುದು. ಕೈಪಿಡಿಯ ಚಿತ್ರಗಳು ಸಭ್ಯವಲ್ಲ, ಸಂಸ್ಕೃತಿಗೆ ಒಗ್ಗುವುದಿಲ್ಲ ಎಂಬ ಕೂಗೆದ್ದು 2007ರಲ್ಲಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು, ಕರ್ನಾಟಕವೂ ಅವುಗಳಲ್ಲೊಂದು. ಚಿತ್ರಗಳನ್ನು ತಿದ್ದಬಹುದಿತ್ತು, ಭಾಷೆಯನ್ನು ಹದಗೊಳಿಸಬಹುದಿತ್ತು. ಹಾಗೆ ಮಾಡದೆ ಬಾಗಿಲನ್ನೇ ಹಾಕಿದೆವು. ಮಕ್ಕಳ ಪ್ರಶ್ನೆಗಳಿಗೆ ಮಾತ್ರ ಬಾಗಿಲು ಹಾಕಲಾಗಲಿಲ್ಲ.

ಆ ಪ್ರಶ್ನೆಗಳು ಯಾವುವೆಂದು ನನಗೆ ಗೊತ್ತು. ನಮ್ಮ ಪ್ರಯೋಗಾಲಯದ ಕಿಟಕಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟು, ಹೆಸರು ಬರೆಯದೆ ಏನನ್ನಾದರೂ ಕೇಳಬಹುದೆಂದು ಹೇಳಿದ್ದೆ. ಮೊದಲ ವಾರ ಬಂದವು ಚೇಷ್ಟೆಯ ಚೀಟಿಗಳು. ಎರಡನೆಯ ವಾರ ಖಾಲಿ ಡಬ್ಬಿ. ಮೂರನೆಯ ವಾರದಿಂದ ನಿಜವಾದವು ಬೀಳತೊಡಗಿದವು. 'ನನಗಿನ್ನೂ ಧ್ವನಿ ಒಡೆದಿಲ್ಲ, ನಾನು ಗಂಡಸಾಗುವುದಿಲ್ಲವೇ?' 'ಮುಟ್ಟಾದಾಗ ಓಡಿದರೆ ಮುಂದೆ ಮಕ್ಕಳಾಗುವುದಿಲ್ಲವಂತೆ, ಹೌದೇ?' 'ಅಪ್ಪ ಕುಡಿದು ಬರುತ್ತಾರೆ, ನನಗೂ ಆ ಚಟ ರಕ್ತದಲ್ಲಿ ಬಂದಿರುತ್ತದೆಯೇ?' 'ಅಮ್ಮನಿಗೆ ಹೇಳಲಾಗದ ಒಂದು ವಿಷಯವಿದೆ, ಯಾರಿಗೆ ಹೇಳಲಿ?' ಈ ಕೊನೆಯದಕ್ಕೆ ಚೀಟಿಯಲ್ಲಿ ಉತ್ತರ ಬರೆಯುವುದು ಸಾಧ್ಯವಿಲ್ಲ. ನೋಟೀಸು ಹಲಗೆಯ ಮೇಲೆ ಉತ್ತರ ಹಾಕಿದರೂ ಯಾರಿಗೆಂದು ಹಾಕುವುದು? ಮಕ್ಕಳ ಮಧ್ಯದಲ್ಲೇ ನಂಬಿಕೆಗೆ ಅರ್ಹರಾದ ಕೆಲವರಿರಬೇಕು ಎಂದು ನಾನು ಗಟ್ಟಿಯಾಗಿ ನಂಬತೊಡಗಿದ್ದು ಆ ಡಬ್ಬಿಯ ದಿನಗಳಿಂದ.

2014ರ ಜನವರಿ 7ರಂದು 'ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ' ಆರಂಭವಾಯಿತು. 2011ರ ಜನಗಣತಿಯ ಪ್ರಕಾರ ಹತ್ತರಿಂದ ಹತ್ತೊಂಬತ್ತು ವರ್ಷದವರು ನಮ್ಮ ದೇಶದಲ್ಲಿ ಸುಮಾರು 25 ಕೋಟಿ ಇದ್ದರು. ಅವರಿಗಾಗಿ ರೂಪಿಸಿದ್ದು ಇದು. ಪೌಷ್ಟಿಕತೆ, ಪ್ರಜನನ ಆರೋಗ್ಯ, ಮಾನಸಿಕ ಆರೋಗ್ಯ, ಗಾಯ ಮತ್ತು ಹಿಂಸೆ, ಮಾದಕ ವಸ್ತುಗಳ ಚಟ, ಸಕ್ಕರೆ ಕಾಯಿಲೆ-ರಕ್ತದೊತ್ತಡದಂಥ ರೋಗಗಳು ಎಂಬ ಆರು ವಿಷಯಗಳನ್ನು ಅದು ಎತ್ತಿಕೊಂಡಿತು. ಸುಮಾರು ಸಾವಿರ ಜನಸಂಖ್ಯೆಗೆ ನಾಲ್ವರು, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು, ಓರಗೆಯ ಶಿಕ್ಷಕರಾಗಬೇಕು. ಒಬ್ಬೊಬ್ಬರೂ ಹದಿನೈದು ಇಪ್ಪತ್ತು ಜೊತೆಗಾರರ ಗುಂಪು ಕಟ್ಟಿಕೊಂಡು ವಾರಕ್ಕೊಮ್ಮೆ ಕೂಡಬೇಕು. ಶಾಲೆ ಬಿಟ್ಟ ಮಕ್ಕಳನ್ನೂ ಇದರಲ್ಲಿ ಸೇರಿಸಿಕೊಂಡದ್ದು ನನಗೆ ಬಹಳ ಹಿಡಿಸಿತು. ಇವರಿಗೆ 'ಸಾಥಿಯಾ' ಎಂದು ಹೆಸರಿಟ್ಟರು. ನಮ್ಮ ಹಳ್ಳಿಯ ಹುಡುಗನಿಗೆ ಸಾಥಿಯಾ ಎಂದರೆ ಸಿನಿಮಾ ಹಾಡಿನ ಪದ, 'ಜೊತೆಗಾರ' ಎನ್ನಬಾರದಾಗಿತ್ತೇ? ಇರಲಿ. ಇವರು ಕಳುಹಿಸಿಕೊಟ್ಟ ಮಕ್ಕಳನ್ನು ನೋಡಲು ಆಸ್ಪತ್ರೆಗಳಲ್ಲಿ ತೆರೆದ ಕೊಠಡಿಗಳಿಗೆ ಕರ್ನಾಟಕದಲ್ಲಿ 'ಸ್ನೇಹ ಕ್ಲಿನಿಕ್' ಎಂಬ ಒಳ್ಳೆಯ ಹೆಸರು ಬಂದಿತು. 2020ರಲ್ಲಿ ಶಾಲೆಗಳಿಗೂ ಒಂದು ಕಾರ್ಯಕ್ರಮ ಬಂದು, ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳೂ ತರಗತಿಯ ಮಕ್ಕಳು ದೂತರೂ ಆದರು. ಇದಕ್ಕೂ ಮೊದಲು ನಮ್ಮ ರಾಜ್ಯದ ಯುವಸಬಲೀಕರಣ ಇಲಾಖೆಯು ನಿಮ್ಹಾನ್ಸ್ ಜೊತೆಗೂಡಿ 'ಯುವ ಸ್ಪಂದನ'ವನ್ನು ಆರಂಭಿಸಿ, ಊರೂರಿನ ತರುಣರನ್ನೇ 'ಯುವ ಪರಿವರ್ತಕ'ರನ್ನಾಗಿ ತರಬೇತುಗೊಳಿಸಿತ್ತು. ಕಾಗದದ ಮೇಲೆ ನಮಗೇನೂ ಕೊರತೆಯಿಲ್ಲ.

ಈ ಬರಹಕ್ಕೆ ಕಾರಣವಾದದ್ದು ಹಿಂದೆ ನನ್ನ ವಿದ್ಯಾರ್ಥಿನಿಯಾಗಿದ್ದವಳೊಬ್ಬಳ ದೂರವಾಣಿ ಕರೆ. "ಸಾರ್, ನಮ್ಮ ಹುಡುಗೀನ ಶಾಲೇಲಿ ಆರೋಗ್ಯ ದೂತೆ ಅಂತ ಆರಿಸಿದ್ದಾರೆ. ಅತ್ತೆಯವರು ಬೇಡವೇ ಬೇಡ ಅಂತಾರೆ. ಕಂಡವರ ಮನೆ ಹುಡುಗೀರ ಮುಟ್ಟಿನ ಲೆಕ್ಕ ಇವಳಿಗ್ಯಾಕೆ, ನಾಳೆ ಸಂಬಂಧ ಕೂಡೋವಾಗ ಜನ ಏನಂತಾರೆ ಅಂತಾರೆ. ನೀವು ಹೇಳಿದ ಹಾಗೆ ಮಾಡ್ತೀನಿ," ಎಂದಳು. ಒಂಬತ್ತನೆಯ ತರಗತಿಯ ಹುಡುಗಿಯ ಮದುವೆಯ ಚಿಂತೆ ಈಗಲೇ ಏಕೆ ಎಂದು ನಗಬಹುದು. ನಾನು ನಗಲಿಲ್ಲ. ಆ ಹಿರಿಯರ ಮಾತಿನಲ್ಲಿ ಭಯವಿದ್ದಂತೆ ಒಂದು ವಿವೇಕವೂ ಇತ್ತು: ಇಷ್ಟು ಚಿಕ್ಕ ಮಗುವಿನ ತಲೆಯ ಮೇಲೆ ಇಷ್ಟು ಜನರ ಗುಟ್ಟನ್ನು ಹೊರಿಸುವುದು ಸರಿಯೇ? ಇದಕ್ಕೆ ಉತ್ತರ ಹುಡುಕದೆ ಅವಳಿಗೆ 'ಕಳುಹಿಸಮ್ಮ' ಎನ್ನಲು ನನಗೆ ಮನಸ್ಸು ಬರಲಿಲ್ಲ.

ಮೊದಲು ಲಾಭದ ಮಾತು. 2012-13ರ ಸುಮಾರಿಗೆ ಶಾಲೆಗಳಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಆ ನೀಲಿ ಮಾತ್ರೆ, ಕೊಡಲು ಆರಂಭವಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹದಿನೈದರಿಂದ ಹತ್ತೊಂಬತ್ತು ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ, ಹುಡುಗರಲ್ಲಿ 31 ಮಂದಿಗೆ ರಕ್ತಹೀನತೆ. ಅಂದರೆ ಮಧ್ಯಾಹ್ನದ ಪೀರಿಯಡಿನಲ್ಲಿ ತೂಕಡಿಸುವ ಮಕ್ಕಳೆಲ್ಲ ಸೋಮಾರಿಗಳಲ್ಲ. ಆದರೆ ನಾವು ಕೊಟ್ಟ ಮಾತ್ರೆಗಳು ಕಾಂಪೌಂಡಿನ ಆಚೆ, ಕ್ರೋಟನ್ ಗಿಡದ ಬುಡದಲ್ಲಿ ಸಿಗುತ್ತಿದ್ದವು. ಕಾರಣ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಕೊನೆಗೆ ಕಾರಣವನ್ನು ಪತ್ತೆ ಮಾಡಿದವಳು ಹತ್ತನೆಯ ತರಗತಿಯ ಒಬ್ಬ ಹುಡುಗಿ. ಖಾಲಿ ಹೊಟ್ಟೆಯಲ್ಲಿ ನುಂಗಿದವರಿಗೆ ಹೊಟ್ಟೆ ತೊಳಸಿತ್ತು; ಮರುದಿನ ಮಲ ಕಪ್ಪಾದುದನ್ನು ಕಂಡು ಒಬ್ಬಳು ಹೆದರಿ, ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೆಂದು ಸುದ್ದಿ ಹಬ್ಬಿಸಿದ್ದಳು. ಈ ಸುದ್ದಿಯನ್ನು ಯಾವ ಹುಡುಗಿಯೂ ಗಂಡು ಮೇಷ್ಟ್ರ ಎದುರು ಹೇಳುವುದು ಸಾಧ್ಯವಿತ್ತೇ? ಬಿಸಿಯೂಟದ ನಂತರ ನುಂಗುವುದು, ಅದರ ಮೇಲೆ ಟೀ ಕುಡಿಯದಿರುವುದು, ನಿಂಬೆಹಣ್ಣೋ ನೆಲ್ಲಿಕಾಯಿಯೋ ಸೀಬೆಹಣ್ಣೋ ತಿನ್ನುವುದು, ಮಲ ಕಪ್ಪಾದರೆ ಅದು ಮಾತ್ರೆಯ ಬಣ್ಣವಷ್ಟೇ ಎಂದು ತಿಳಿಯುವುದು... ನಾನು ಹೇಳಿಕೊಟ್ಟಿದ್ದನ್ನು ಅವಳು ತನ್ನ ಮಾತಿನಲ್ಲಿ, ನಡುನಡುವೆ ನಗಿಸುತ್ತ ಹೇಳಿದಳು. ಕ್ರೋಟನ್ ಗಿಡಗಳಿಗೆ ಕಬ್ಬಿಣಾಂಶ ಸಿಗುವುದು ನಿಂತಿತು.

ನನ್ನ ವೃತ್ತಿಬಾಂಧವರಿಗೆ ಹಿತವಾಗದ ಒಂದು ಸಂಗತಿಯನ್ನು ಈಗ ಹೇಳಲೇಬೇಕು. ಬಿಹಾರದ ನಾಲಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ 'ಸೆಹರ್' ಎಂಬ ಆರೋಗ್ಯ ಕಾರ್ಯಕ್ರಮವನ್ನು ಪರೀಕ್ಷೆಗೆ ಒಡ್ಡಿದ್ದರು. ಫಲಿತಾಂಶ 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತು. ಅದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರೇ ನಡೆಸಿದರು. ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಹೊರಗಿನ ಸಾಮಾನ್ಯ ವ್ಯಕ್ತಿಗಳು, 'ಮಿತ್ರ'ರು, ನಡೆಸಿದರು. ಮಿತ್ರರಿದ್ದ ಶಾಲೆಗಳಲ್ಲಿ ವಾತಾವರಣ ತಿಳಿಯಾಯಿತು; ಮಕ್ಕಳ ಖಿನ್ನತೆ, ಒಬ್ಬರನ್ನೊಬ್ಬರು ಪೀಡಿಸುವ ಚಾಳಿ, ಹೊಡೆದಾಟ ಇಳಿದವು. ಶಿಕ್ಷಕರು ನಡೆಸಿದ ಕಡೆ ಗಮನಾರ್ಹವಾದ ಬದಲಾವಣೆಯೇ ಕಾಣಲಿಲ್ಲ! ಬಿ.ಎಡ್. ಪಡೆದ ನಮ್ಮ ಹೆಮ್ಮೆಗೆ ಇದು ಪೆಟ್ಟು. ಆದರೆ ಯೋಚಿಸಿದರೆ ಆಶ್ಚರ್ಯವೇನೂ ಇಲ್ಲ. ಅಂಕ ಕೊಡುವವನು, ವರ್ಗಾವಣೆ ಪತ್ರ ಬರೆಯುವವನು, ತಂದೆಯನ್ನು ಶಾಲೆಗೆ ಕರೆಸುವವನು ನಾನು. ಬಾಗಿಲ ಬಳಿ ನನ್ನ ಚಪ್ಪಲಿ ಸದ್ದಾದರೆ ತರಗತಿ ಮೌನವಾಗುವುದನ್ನು ಗೌರವವೆಂದೇ ತಿಳಿಯುವ ವೃತ್ತಿ ನಮ್ಮದು. ಆ ಮೌನದೊಳಗೆ ಯಾವ ಮಗು ತನ್ನ ಎದೆ ತೆರೆದೀತು?

ಆ ಮಿತ್ರರು ಮಕ್ಕಳ ಓರಗೆಯವರಾಗಿರಲಿಲ್ಲ, ನಿಜ. ಓರಗೆಯವರ ವಿಷಯದಲ್ಲೇ ಒಂದು ದೊಡ್ಡ ಪರೀಕ್ಷೆ ಇಂಗ್ಲೆಂಡಿನ ಪಶ್ಚಿಮ ಭಾಗ ಮತ್ತು ವೇಲ್ಸಿನ 59 ಶಾಲೆಗಳಲ್ಲಿ ನಡೆದು 2008ರಲ್ಲಿ ಪ್ರಕಟವಾಯಿತು. ಹನ್ನೆರಡು ಹದಿಮೂರು ವರ್ಷದವರು ಸಿಗರೇಟು ಹಿಡಿಯದಂತೆ ತಡೆಯುವುದು ಅದರ ಗುರಿ. ಅಲ್ಲಿ ನನ್ನ ಕಣ್ಣು ನಿಂತದ್ದು ಆಯ್ಕೆಯ ಕ್ರಮದ ಮೇಲೆ. ನಿಮ್ಮಲ್ಲಿ ನೀವು ಗೌರವಿಸುವವರು ಯಾರು, ಮುಂದಾಳಾಗಬಲ್ಲವರು ಯಾರು ಎಂದು ಮಕ್ಕಳನ್ನೇ ಕೇಳಿದರು. ಉಪಾಧ್ಯಾಯರ ಮೆಚ್ಚಿನವರು ಯಾರೆಂದು ಕೇಳಲಿಲ್ಲ. ಆಯ್ಕೆಯಾದವರನ್ನು ಎರಡು ದಿನ ಶಾಲೆಯ ಹೊರಗೆ ಕರೆದೊಯ್ದು ತರಬೇತಿ ಕೊಟ್ಟರು. ಆಮೇಲೆ ಅವರಿಗೆ ಭಾಷಣವಿಲ್ಲ, ವೇದಿಕೆಯಿಲ್ಲ. ಹತ್ತು ವಾರ ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ ಸಹಜವಾಗಿ ಮಾತಾಡುವುದು, ಮಾತಾಡಿದ್ದನ್ನು ದಿನಚರಿಯಲ್ಲಿ ಗುರುತು ಮಾಡಿಕೊಳ್ಳುವುದು, ಅಷ್ಟೆ. ಧೂಮಪಾನಕ್ಕೆ ಬೀಳುವವರ ಪ್ರಮಾಣ ಇತರ ಶಾಲೆಗಳಿಗಿಂತ ಆ ಶಾಲೆಗಳಲ್ಲಿ ಕಡಿಮೆಯಾಯಿತು.

ನಮ್ಮಲ್ಲಿ ಯಾರನ್ನು ಆರಿಸುತ್ತೇವೆ? ತರಗತಿಗೆ ಮೊದಲು ಬರುವವಳನ್ನು, ಅಕ್ಷರ ದುಂಡಾಗಿರುವವನನ್ನು, ಪಂಚಾಯಿತಿ ಸದಸ್ಯರ ಮಗನನ್ನು. ಊರಿನ ಒಂದು ಕೇರಿಯ ಮಕ್ಕಳು ಮಾತ್ರ ಪಟ್ಟಿಯಲ್ಲಿದ್ದು ಇನ್ನೊಂದು ಕೇರಿಯವರು ಇಲ್ಲದಿರುವುದನ್ನು ಯಾರೂ ಗಮನಿಸುವುದಿಲ್ಲ, ಗಮನಿಸಿದರೂ ಆಡುವುದಿಲ್ಲ. ಆ ಇನ್ನೊಂದು ಕೇರಿಯ ಹುಡುಗಿ ಈ ದೂತೆಯ ಮನೆಯ ಜಗುಲಿ ಹತ್ತಿ ತನ್ನ ಕಷ್ಟ ಹೇಳಿಕೊಳ್ಳಬಲ್ಲಳೇ? ಯೋಜನೆ ಸೋಲುವುದು ಇಂಥ ಕಡೆ.

ಎರಡು ಸಲ ನಪಾಸಾಗಿ ಕಡೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದ ಒಬ್ಬ ಹುಡುಗ ನೆನಪಾಗುತ್ತಾನೆ. ಕಬಡ್ಡಿ ತಂಡದ ನಾಯಕ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಅಂಗಡಿಗಳಲ್ಲಿ ಪಾನ್ ಮಸಾಲ ಬೇರೆ, ತಂಬಾಕು ಬೇರೆ ಎಂದು ಎರಡು ಪೊಟ್ಟಣಗಳಾಗಿ ಬಂದವು. ಹುಡುಗರು ಎರಡನ್ನೂ ಕೊಂಡು ಬೆರೆಸಿಕೊಳ್ಳುತ್ತಿದ್ದರು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂಬ ಕಾನೂನು 2003ರದ್ದು. 101ನೆಯ ಗಜದಲ್ಲಿ ಅಂಗಡಿ ಸಿದ್ಧ! ಮುಖ್ಯೋಪಾಧ್ಯಾಯರ ಭಾಷಣ, ಕ್ಯಾನ್ಸರಿನ ಭಯಂಕರ ಚಿತ್ರಗಳು, ಜಾಥಾ, ಎಲ್ಲವೂ ಆದವು. ಈ ಹುಡುಗ ಯಾರಿಗೂ ಉಪದೇಶ ಮಾಡಲಿಲ್ಲ. ತನ್ನ ಸೋದರಮಾವ ಬಾಯಿ ತೆರೆಯಲಾಗದೆ ಗಂಜಿಯಲ್ಲೇ ದಿನ ದೂಡುವುದನ್ನು ಕಂಡಿದ್ದ. "ಪೊಟ್ಟಣ ಹಾಕೋನಿಗೆ ನನ್ನ ಟೀಮಲ್ಲಿ ಜಾಗ ಇಲ್ಲ, ರೈಡಿಗೆ ಹೋದರೆ ಉಸಿರು ನಿಲ್ಲಲ್ಲ," ಎಂದ. ಅಷ್ಟೇ. ಅವನ ತಂಡಕ್ಕೆ ಸೇರಲು ಊರಿನ ಅರ್ಧ ಹುಡುಗರು ಹಾತೊರೆಯುತ್ತಿದ್ದರು. ಯಾವ ಇಲಾಖೆಯೂ ಅವನನ್ನು ಆರೋಗ್ಯ ದೂತನೆಂದು ಆರಿಸುತ್ತಿರಲಿಲ್ಲ.

ಇದೆಲ್ಲ ಕೇಳಿ, ಓರಗೆಯವರಿಗೆ ಒಪ್ಪಿಸಿದರೆ ಸಾಕು, ಎಲ್ಲವೂ ಸರಿಹೋಗುತ್ತದೆಂದು ಯಾರೂ ಭಾವಿಸಬಾರದು. ಪ್ರಜನನ ಆರೋಗ್ಯದ ವಿಷಯದಲ್ಲಿ ಹಲವು ದೇಶಗಳ ಅನುಭವವನ್ನು ಒಟ್ಟುಗೂಡಿಸಿ ನೋಡಿದ ತಜ್ಞರು 2015ರಲ್ಲಿ ನಿಷ್ಠುರವಾಗಿಯೇ ಬರೆದಿದ್ದಾರೆ: ಓರಗೆಯವರ ಶಿಕ್ಷಣದಿಂದ ತಿಳಿವಳಿಕೆ ಹರಡುತ್ತದೆ, ಆದರೆ ಅದೊಂದರಿಂದಲೇ ನಡವಳಿಕೆ ಬದಲಾಗುವುದು ಕಡಿಮೆ, ಹೆಚ್ಚಿನ ಪ್ರಯೋಜನ ಸಿಗುವುದು ಕಲಿಸಲು ನಿಂತವರಿಗೇ. ಈ ಕೊನೆಯ ಮಾತನ್ನು ನಷ್ಟವೆಂದು ನಾನು ಎಣಿಸುವುದಿಲ್ಲ. ಪಾಠ ಹೇಳಿದಷ್ಟು ಪಾಠ ಕಲಿಯುತ್ತೇವೆ ಎಂಬುದು ನಮ್ಮ ವೃತ್ತಿಯ ಮೊದಲ ಅನುಭವವಲ್ಲವೇ? ಹಾಗಾದರೆ ಪ್ರತಿ ವರ್ಷ ಅದೇ ನಾಲ್ವರನ್ನು ಇಟ್ಟುಕೊಳ್ಳದೆ ಸರದಿಯಂತೆ ಬೇರೆ ಬೇರೆ ಮಕ್ಕಳನ್ನು ಕಲಿಸಲು ನಿಲ್ಲಿಸೋಣ. ಆದರೆ ಮೊದಲ ಮಾತು ಗಂಭೀರವಾದದ್ದು. ತಿಳಿದವನು ಹೋಗಬೇಕಾದ ಜಾಗ ಇಲ್ಲದಿದ್ದರೆ ತಿಳಿದು ಫಲವೇನು? ಹುಡುಗಿ ಧೈರ್ಯ ಮಾಡಿ ಗೆಳತಿಯನ್ನು ಆಸ್ಪತ್ರೆಗೆ ಕರೆದೊಯ್ದಾಗ ಸಮಾಲೋಚಕರ ಕೊಠಡಿಗೆ ಬೀಗ, ಇಲ್ಲವೇ ತೆರೆದಿರುವ ಹೊತ್ತು ಸರಿಯಾಗಿ ಶಾಲೆಯ ಹೊತ್ತೇ, ಇಲ್ಲವೇ ಚೀಟಿ ಬರೆಯುವ ಗುಮಾಸ್ತರು ಇಡೀ ಸಾಲಿಗೆ ಕೇಳುವಂತೆ "ಏನಮ್ಮಾ ತೊಂದರೆ?" ಎನ್ನುವುದು. ಒಮ್ಮೆ ಹೀಗಾದರೆ ಆ ಇಬ್ಬರು ಇನ್ನೆಂದೂ ಆ ಮೆಟ್ಟಿಲು ಹತ್ತುವುದಿಲ್ಲ, ಬೇರೆಯವರಿಗೂ ಹತ್ತಬೇಡಿರೆಂದೇ ಹೇಳುತ್ತಾರೆ. ಓರಗೆಯವರ ಮಾತಿಗೆ ಇರುವ ಶಕ್ತಿ ಹಾಗೂ ಕೆಲಸ ಮಾಡುತ್ತದೆ.

ಇನ್ನು ಗುಟ್ಟಿನ ವಿಷಯ, ಆ ಅತ್ತೆಯವರ ಆತಂಕ. 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ ಹೇಳುತ್ತದೆ. ಬದುಕು ಬೇಡವೆನ್ನಿಸಿದ ಮಗು ಅದನ್ನು ಹೇಳಿಕೊಳ್ಳುವುದು ಸಾಮಾನ್ಯವಾಗಿ ಗೆಳೆಯನಲ್ಲಿ, 'ಯಾರಿಗೂ ಹೇಳಬೇಡ' ಎಂಬ ಆಣೆಯೊಡನೆ. ಈ ಆಣೆಯ ಭಾರ ಹದಿನಾಲ್ಕು ವರ್ಷದ ಮಗು ಹೊರಲಾರದು, ಹೊರಬಾರದು. ಆದ್ದರಿಂದ ಇಂಥ ಮಕ್ಕಳಿಗೆ ಮೊದಲ ದಿನವೇ ಒಂದು ಮಾತನ್ನು ಕಲಿಸಬೇಕು: ಗೆಳೆಯನ ಮಾತನ್ನು ಊರೆಲ್ಲ ಹಬ್ಬಿಸುವುದಿಲ್ಲ, ಆದರೆ ಅವನ ಪ್ರಾಣಕ್ಕೆ ಅಪಾಯವಿದ್ದರೆ, ಯಾರಾದರೂ ಅವನನ್ನು ಹಿಂಸಿಸುತ್ತಿದ್ದರೆ, ಲೈಂಗಿಕವಾಗಿ ಪೀಡಿಸುತ್ತಿದ್ದರೆ, ಅದೇ ದಿನ ನಂಬಿಕೆಯ ಒಬ್ಬ ಹಿರಿಯರಿಗೆ ಹೇಳುತ್ತೇನೆ. ಇದನ್ನು ಗೆಳೆಯನಿಗೂ ಮುಂಚಿತವಾಗಿಯೇ ತಿಳಿಸಿರಬೇಕು; ಆಗ ಹೇಳಿದ್ದು ದ್ರೋಹವಾಗುವುದಿಲ್ಲ. ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮು ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಬೇಕೆನ್ನುತ್ತದೆ. ತಿಳಿಸದ ಮಗುವಿಗೆ ಶಿಕ್ಷೆಯಿಲ್ಲ, ತಿಳಿಸದ ಹಿರಿಯರಿಗೆ ಇದೆ. ಹೊಣೆ ಯಾರದೆಂದು ಕಾನೂನಿಗೆ ಸ್ಪಷ್ಟವಾಗಿದೆ. ಮನಸ್ಸು ಕುಗ್ಗಿದವರಿಗಾಗಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416, ಮಕ್ಕಳ ಸಹಾಯವಾಣಿಯದು 1098. ಇವೆರಡನ್ನೂ ಗುಣಾಕಾರದ ಮಗ್ಗಿಯಂತೆ ಬಾಯಿಪಾಠ ಮಾಡಿಸಿರಿ. ಮಗ್ಗಿ ಮರೆತರೂ ಚಿಂತೆಯಿಲ್ಲ.

ಸಂಬಳವಿಲ್ಲದ ಕೆಲಸಕ್ಕೆ ಮೊದಲು ಹೆಂಗಸರನ್ನು ಹುಡುಕಿದೆವು, ಈಗ ಮಕ್ಕಳನ್ನು ಹುಡುಕುತ್ತಿದ್ದೇವೆ ಎಂಬ ಅಳುಕೂ ನನಗಿದೆ. ಗೌರವಧನ ಸಾಲದೆಂದು ಆಶಾ ಕಾರ್ಯಕರ್ತೆಯರು ಬೀದಿಗಿಳಿದಿದ್ದನ್ನು ನೋಡಿದ್ದೇವೆ. ಅವರ ಸಮೀಕ್ಷೆಯ ಪಟ್ಟಿ ತುಂಬಿಸಲು, ಮಾತ್ರೆ ಹಂಚಲು, ಫೋಟೊಕ್ಕೆ ಫಲಕ ಹಿಡಿದು ನಿಲ್ಲಲು ಈ ಮಕ್ಕಳನ್ನು ಬಳಸಿಕೊಳ್ಳುವುದಾದರೆ ಅದಕ್ಕೆ ಆರೋಗ್ಯ ಶಿಕ್ಷಣವೆಂಬ ಹೆಸರು ಬೇಡ. ಜೊತೆಗೆ, ಎಲ್ಲ ಭಾರವನ್ನೂ ಹುಡುಗಿಯರ ಮೇಲೆಯೇ ಹಾಕುವುದೂ ಬೇಡ. ಮುಟ್ಟಿನ ವಿಚಾರ ಹುಡುಗರಿಗೂ ತಿಳಿಯಲಿ. ಕಲೆಯಾದ ಲಂಗವನ್ನು ಕಂಡು ನಗುವವರು ಅವರು ತಾನೇ.

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದಿಷ್ಟು. ಮಗಳನ್ನು ಕಳುಹಿಸು, ಆದರೆ ಮೊದಲು ಶಾಲೆಗೆ ಹೋಗಿ, ಇವಳಿಗೆ ತರಬೇತಿ ಕೊಡುವವರು ಯಾರು, ಕಷ್ಟದ ಸಂಗತಿ ಕಿವಿಗೆ ಬಿದ್ದರೆ ಇವಳು ಯಾರ ಬಳಿ ಓಡಬೇಕು, ಆ ವ್ಯಕ್ತಿಯ ಹೆಸರೇನು, ಅವರು ಯಾವ ಹೊತ್ತಿನಲ್ಲಿ ಸಿಗುತ್ತಾರೆ ಎಂದು ಕೇಳು. ಹೆಸರು ಹೇಳಲು ಅವರಿಗೆ ಆಗದಿದ್ದರೆ ಹೆಸರು ಸಿಗುವತನಕ ತಡೆದುಕೋ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗು, ಅವರಷ್ಟು ಚೆನ್ನಾಗಿ ಪ್ರಶ್ನೆ ಕೇಳುವವರು ನಿಮ್ಮ ಮನೆಯಲ್ಲಿ ಇನ್ನಿಲ್ಲ. ಕಳೆದ ವಾರ ಮತ್ತೆ ಕರೆ ಮಾಡಿದ್ದಳು. ಅತ್ತೆಯವರು ಹೋಗಿದ್ದರಂತೆ. ದೈಹಿಕ ಶಿಕ್ಷಣದ ಟೀಚರ್ ಒಬ್ಬರ ಹೆಸರು ಸಿಕ್ಕಿದೆಯಂತೆ. ಜೊತೆಗೆ, ನಮ್ಮ ಕಾಲದಲ್ಲಿ ಇದನ್ನೆಲ್ಲ ಹೇಳುವವರು ಯಾರಿದ್ದರು ಎಂದು ಅತ್ತೆಯವರು ಆ ಟೀಚರ್ ಹತ್ತಿರ ಒಂದು ಗಂಟೆ ಮಾತಾಡಿ ಬಂದರಂತೆ.

ಕೊನೆಯದಾಗಿ, ಇದನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ಏಳೆಂಟು ಮಂದಿ ವೈದ್ಯರಿದ್ದೀರಿ, ನಾಲ್ವರು ನರ್ಸುಗಳಿದ್ದೀರಿ, ಒಬ್ಬಳು ಮನಶ್ಶಾಸ್ತ್ರ ಓದಿದ್ದಾಳೆ. ನಮ್ಮೂರಿನ ಪಂಚಾಯಿತಿ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ಹದಿನಾರು ಮಕ್ಕಳು ಸೇರುತ್ತಿದ್ದಾರೆ, ಎರಡೂ ಕೇರಿಯವರು. ಅವರನ್ನು ಆರಿಸಿದ್ದು ಅವರ ಓರಗೆಯವರೇ. ನಾನು ಬೀಗದ ಕೈ ಇಟ್ಟುಕೊಂಡು ಹೊರಗೆ ಜಗುಲಿಯ ಮೇಲೆ ಪತ್ರಿಕೆ ಓದುತ್ತ ಕೂರುತ್ತೇನೆ. ಅವರ ಪ್ರಶ್ನೆಗಳು ಅವರ ತಿಳಿವಳಿಕೆಯನ್ನೂ ನನ್ನದನ್ನೂ ಮೀರತೊಡಗಿವೆ. ತಿಂಗಳಿಗೊಂದು ಶನಿವಾರ, ಒಂದು ಗಂಟೆ, ದೂರವಾಣಿಯಲ್ಲಾದರೂ ಸರಿ, ಯಾರಿಗೆ ಸಾಧ್ಯವೋ ತಿಳಿಸಿರಿ. ಬಸ್ಸಿನಲ್ಲಿ ಬರುವವರಿಗೆ ಊಟ ನಮ್ಮ ಮನೆಯಲ್ಲಿ.